ಹಲಸೂರಿಗೂ ಸಿಂಗಪುರಕ್ಕೂ ನಡುವಿನ ರಜೆ

ಹೊರದೇಶದಲ್ಲಿ ದುಡಿಯುವವರು ರಜೆಗೆ ಊರಿಗೆ ಬಂದಾಗ, ಮರಳಿ ಹೊರಡುವ ದಿನ ಸಮೀಪಿಸಿದಂತೆ ಹೋಗಬೇಕೋ ಉಳಿಯಬೇಕೋ ಎಂದು ಅವರ ಮನಸ್ಸು ಹೊಯ್ದಾಡುವುದನ್ನು ಸಾಮಾನ್ಯವಾಗಿ ಮನೆಯ ಸೆಳೆತವೆಂದೋ ಮನಸ್ಸಿನ ದೌರ್ಬಲ್ಯವೆಂದೋ ಹೇಳಿ ಮುಗಿಸಲಾಗುತ್ತದೆ. ಬೆಂಗಳೂರಿನ ದಂಡು ಪ್ರದೇಶದಿಂದ, ಅಂದರೆ ಕಂಟೋನ್ಮೆಂಟಿನಿಂದ, ಮತ್ತು ಅದರ ಪೂರ್ವಕ್ಕೆ ಹಬ್ಬಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಿಂದ ಸಿಂಗಪುರಕ್ಕೋ ಬಹರೇನಿಗೋ ಹೋಗಿ ನೆಲೆಸಿದವರ ಸ್ಥಿತಿಯನ್ನು ಸಮೀಪದಿಂದ ನೋಡಿದರೆ ಈ ವಿವರಣೆ ಸಾಲದೆಂಬುದು ತಿಳಿಯುತ್ತದೆ. ಅವರ ಹೊಯ್ದಾಟದಲ್ಲಿ ಭಾವನೆಯ ಪಾಲು ಇರುವುದು ನಿಜ. ಆದರೆ ಪರವಾನಗಿಯ ಅವಧಿ, ಮಕ್ಕಳ ಶಾಲೆಯ ವರ್ಷ, ತಂದೆತಾಯಿಯ ವಯಸ್ಸು ಇವೆಲ್ಲವೂ ತಮ್ಮ ತಮ್ಮ ಗಡುವನ್ನು ಒಬ್ಬನೇ ಮನುಷ್ಯನ ಮೇಲೆ ಒಟ್ಟಿಗೆ ಹೇರುವುದರಿಂದಲೇ ಅದು ಅಷ್ಟು ತೀವ್ರವಾಗುತ್ತದೆ.

ಸಿಂಗಪುರ ಎಂಬುದು ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ವಿಮಾನಯಾನದಷ್ಟು ದೂರದಲ್ಲಿರುವ, ಗಡಿಯಾರದಲ್ಲಿ ಎರಡೂವರೆ ಗಂಟೆ ಮುಂದಿರುವ ದ್ವೀಪರಾಷ್ಟ್ರ. ಅದರ ವಿಸ್ತೀರ್ಣ 700 ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯೊಳಗಿದ್ದ ನೆಲವೂ ಹೆಚ್ಚುಕಡಿಮೆ ಅಷ್ಟೇ. ಈ ಸಾಮ್ಯ ಕೇವಲ ಭೂಪಟದ ವಿಷಯವಾಗಿ ಉಳಿಯಲಿಲ್ಲ. 1999ರಲ್ಲಿ ಮುಖ್ಯಮಂತ್ರಿಯಾದ ಎಸ್. ಎಂ. ಕೃಷ್ಣ ಅವರು ಬೆಂಗಳೂರನ್ನು ಸಿಂಗಪುರದಂತೆ ಮಾಡುವ ಆಶಯವನ್ನು ಮುಂದಿಟ್ಟಾಗ ಅದು ಮನೆಮಾತಾಯಿತು. ಅದಕ್ಕೂ ಮೊದಲೇ, 1994ರಲ್ಲಿ, ವೈಟ್‌ಫೀಲ್ಡಿನ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕಿಗಾಗಿ, ಅಂದರೆ ಜನರು ಐಟಿಪಿಎಲ್ ಎಂದು ಕರೆಯುವ ಕಟ್ಟಡಸಮೂಹಕ್ಕಾಗಿ, ಟಾಟಾ ಸಮೂಹ, ಸಿಂಗಪುರದ ಕಂಪನಿಗಳ ಒಕ್ಕೂಟ ಮತ್ತು ಕರ್ನಾಟಕ ಸರ್ಕಾರ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದ್ದವು. ಹೀಗಾಗಿ ಪೂರ್ವ ಬೆಂಗಳೂರಿನ ಎಂಜಿನಿಯರಿಗೆ ಸಿಂಗಪುರ ಅಪರಿಚಿತ ಲೋಕವಾಗಿರಲಿಲ್ಲ. ತನ್ನ ಊರು ಆಗಬೇಕೆಂದು ಬಯಸಿದ್ದ ಊರಿಗೇ ಅವನು ಹೋದ. ರಜೆಗೆ ಬಂದಾಗ ಅವನು ಎರಡು ನಗರಗಳನ್ನು ಅಳೆದು ನೋಡುತ್ತಾನೆಂದು ಬಂಧುಗಳು ಬೇಸರಪಟ್ಟುಕೊಳ್ಳುವುದುಂಟು, ಆದರೆ ಆ ಅಳತೆಗೋಲನ್ನು ಅವನ ಕೈಗೆ ಕೊಟ್ಟದ್ದು ಬೆಂಗಳೂರೇ ಎಂಬುದನ್ನು ಮರೆಯಬಾರದು.

ದಂಡು ಪ್ರದೇಶಕ್ಕೆ ಬಂದುಹೋಗುವವರ ಪಾಡು ಹೊಸದೂ ಅಲ್ಲ. 1799ರ ಯುದ್ಧದ ನಂತರ ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆಗಳನ್ನು ಅಲ್ಲಿನ ಜ್ವರಪೀಡಿತ ಹವೆಯ ಕಾರಣದಿಂದ ತೆಗೆದು, ಹಲಸೂರಿನ ಪಕ್ಕದ ಬಯಲಿಗೆ ತಂದು 1809ರಲ್ಲಿ ಈ ದಂಡನ್ನು ಸ್ಥಾಪಿಸಲಾಯಿತು. ಸೈನ್ಯದ ಬೆನ್ನಿಗೆ ಆರ್ಕಾಟಿನ ಕಡೆಯಿಂದ ತಮಿಳು ಮಾತಾಡುವ ಗುತ್ತಿಗೆದಾರರು, ವರ್ತಕರು, ಕೂಲಿಕಾರರು, ದಖ್ಖನಿ ಉರ್ದು ಆಡುವ ಕುಶಲಕರ್ಮಿಗಳು, ಆಂಗ್ಲೋ-ಇಂಡಿಯನ್ ಕುಟುಂಬಗಳು ಬಂದು ಸೇರಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡಿನ ನೆಲ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿ, ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿಯೇ ಉಳಿದು, 1947ರ ಜುಲೈ ತಿಂಗಳಲ್ಲಿ ಮಾತ್ರ ಮೈಸೂರಿಗೆ ಸೇರಿತು. ಪೇಟೆಯ ಮತ್ತು ದಂಡಿನ ಎರಡು ಪುರಸಭೆಗಳು ಒಂದಾಗಿ ನಗರಪಾಲಿಕೆಯಾದದ್ದು 1949ರಲ್ಲಿ. ಮೈಸೂರು ಸೀಮೆಯ ನಡುವೆ ಬೇರೊಂದು ಕಾನೂನಿಗೆ ಒಳಪಟ್ಟಿದ್ದ ಈ ನೆಲ ತಾನೇ ಒಂದು ದ್ವೀಪದಂತಿತ್ತು.

ದಂಡಿನಲ್ಲಿ ನೆಲೆಸಿರುವ ಪಡೆಗೂ ನಿಜವಾದ ದ್ವೀಪಗಳಿಗೆ ಹೋದ ಚರಿತ್ರೆಯಿದೆ. ಹಲಸೂರು ಕೆರೆಯ ದಂಡೆಯಲ್ಲಿ ನೆಲೆ ಹೊಂದಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಸೇತುವೆ, ರಸ್ತೆ, ಕೋಟೆ ಕೆಲಸಗಳನ್ನು ಮಾಡುವ ಸೈನ್ಯದ ಎಂಜಿನಿಯರಿಂಗ್ ದಳ, ತನ್ನ ಯುದ್ಧಗೌರವಗಳ ಪಟ್ಟಿಯಲ್ಲಿ 1811ರ ಜಾವಾ ದಂಡಯಾತ್ರೆಯ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಆ ಕಾಲದ ಸಿಪಾಯಿಗೆ ಹೋಗುವುದೂ ಬರುವುದೂ ಆಜ್ಞೆಯ ಮಾತಾಗಿತ್ತು. ಇಂದಿನ ವಲಸಿಗನಿಗೆ ಆಜ್ಞೆ ಕೊಡುವವರಿಲ್ಲ. ಹೋಗುವ ಉಳಿಯುವ ಹೊಣೆ ಪೂರ್ತಿ ತನ್ನದೇ ಎಂದು ಅವನು ತಿಳಿದುಕೊಳ್ಳುತ್ತಾನೆ, ಅವನ ಕೈಯಲ್ಲಿರುವ ಕಾಗದಪತ್ರಗಳು ಮಾತ್ರ ಬೇರೆಯದನ್ನೇ ಹೇಳುತ್ತವೆ.

2024ರ ಲೆಕ್ಕದಂತೆ ಸಿಂಗಪುರದ ಜನಸಂಖ್ಯೆ ಸುಮಾರು 60 ಲಕ್ಷ. ಅವರಲ್ಲಿ ಪೌರರು ಸುಮಾರು 36 ಲಕ್ಷ, ಕಾಯಂ ನಿವಾಸಿಗಳು ಐದೂವರೆ ಲಕ್ಷದೊಳಗೆ, ಉಳಿದ 18 ಲಕ್ಷಕ್ಕೂ ಹೆಚ್ಚು ಜನರು ಕೆಲಸದ, ಓದಿನ ಅಥವಾ ಅವಲಂಬಿತರ ಪಾಸು ಹಿಡಿದು ಇರುವವರು. ಮೊದಲು ಸಿಗುವುದು ಎಂಪ್ಲಾಯ್‌ಮೆಂಟ್ ಪಾಸ್; ಅದು ವ್ಯಕ್ತಿಗೆ ಎನ್ನುವುದಕ್ಕಿಂತ ಅವನನ್ನು ನೇಮಿಸಿಕೊಂಡ ಕಂಪನಿಯ ಕೆಲಸಕ್ಕೆ ಸೇರಿದ ಅನುಮತಿ, ಆದ್ದರಿಂದ ಕೆಲಸ ಹೋದರೆ ದ್ವೀಪದಲ್ಲಿ ಉಳಿಯಲು ಸಾಮಾನ್ಯವಾಗಿ 30 ದಿನಗಳಷ್ಟೇ ದೊರೆಯುತ್ತವೆ. ಅದರ ಮೇಲಿನದು ಕಾಯಂ ನಿವಾಸದ ಹಕ್ಕು, ಎಲ್ಲರ ಬಾಯಲ್ಲೂ ಪಿಆರ್. ಹೆಸರಿನಲ್ಲಿ ಕಾಯಂ ಎಂದಿದ್ದರೂ ಪಿಆರ್ ಪಡೆದವರು ದೇಶದ ಹೊರಗಿರುವಾಗ ಮರುಪ್ರವೇಶದ ಪರವಾನಗಿ ಚಾಲ್ತಿಯಲ್ಲಿರಬೇಕು. ಸಾಮಾನ್ಯವಾಗಿ ಐದು ವರ್ಷಗಳಿಗೆ ನೀಡುವ ಈ ಪರವಾನಗಿಯನ್ನು ನವೀಕರಿಸುವಾಗ ಅರ್ಜಿದಾರನ ಕುಟುಂಬ ದ್ವೀಪದಲ್ಲಿ ಎಷ್ಟು ಬೇರೂರಿದೆ, ಅವನ ದುಡಿಮೆ ಅಲ್ಲಿದೆಯೇ ಎಂಬುದನ್ನು ನೋಡಲಾಗುತ್ತದೆ. ಒಂದೆರಡು ವರ್ಷ ಊರಲ್ಲಿದ್ದು ನೋಡೋಣ, ಸರಿಹೋಗದಿದ್ದರೆ ಮರಳೋಣ ಎಂಬ ಮಧ್ಯಮಮಾರ್ಗ ಇದರಿಂದಾಗಿ ಕಿರಿದಾಗಿಬಿಡುತ್ತದೆ. 1955ರಲ್ಲಿ ಆರಂಭವಾದ ಕೇಂದ್ರ ಭವಿಷ್ಯನಿಧಿಯೂ ಇದೇ ದಿಕ್ಕಿನಲ್ಲಿ ಎಳೆಯುತ್ತದೆ: 55 ವರ್ಷದವರೆಗಿನ ಪೌರರ ಹಾಗೂ ಕಾಯಂ ನಿವಾಸಿಗಳ ವಿಷಯದಲ್ಲಿ, ನಿಗದಿತ ವೇತನಮಿತಿಯೊಳಗೆ, ನೌಕರನಿಂದ ಶೇ. 20, ಮಾಲೀಕನಿಂದ ಶೇ. 17 ಸೇರಿ ವೇತನದ ಶೇ. 37ರಷ್ಟು ಅಲ್ಲಿ ಜಮೆಯಾಗುತ್ತದೆ (ಹೊಸದಾಗಿ ಪಿಆರ್ ಪಡೆದವರಿಗೆ ಮೊದಲೆರಡು ವರ್ಷ ದರ ಕಡಿಮೆ). ಆ ನಿಧಿಯನ್ನು ಪೂರ್ತಿಯಾಗಿ ಹಿಂಪಡೆದು ಊರಿಗೆ ಬರಬೇಕಾದರೆ ಕಾಯಂ ನಿವಾಸದ ಹಕ್ಕನ್ನು ಬಿಟ್ಟುಕೊಡಬೇಕು.

ಬಹರೇನಿನ ಕತೆ ಬೇರೆ. ಪರ್ಶಿಯಾ ಕೊಲ್ಲಿಯ ಆ ದ್ವೀಪಸಮೂಹದಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತು. ಅದಕ್ಕೂ ಮುಂಚಿನಿಂದ ಮುತ್ತಿನ ವ್ಯಾಪಾರದ ಮೂಲಕ ಮುಂಬಯಿಗೂ ಅದಕ್ಕೂ ನಂಟಿತ್ತು, 1965ರಲ್ಲಿ ದಿನಾರ್ ಬರುವವರೆಗೂ ಅಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತು. ಅಲ್ಲಿನ ಕನ್ನಡ ಸಂಘ 1977ರಷ್ಟು ಹಿಂದಿನದು. ಅಷ್ಟು ಹಳೆಯ ನಂಟಿದ್ದರೂ ಅಲ್ಲಿ ದುಡಿಯಲು ಹೋದವನಿಗೆ ಪೌರನಾಗುವ ದಾರಿ ಬಹುತೇಕ ಮುಚ್ಚಿಯೇ ಇದೆ. ಕೆಲಸ ಮುಗಿದ ದಿನ ವಾಸವೂ ಮುಗಿಯುತ್ತದೆ ಎಂಬುದು ಮೊದಲೇ ತಿಳಿದಿರುವುದರಿಂದ ಕೊಲ್ಲಿಯಿಂದ ರಜೆಗೆ ಬಂದವನ ಹೊಯ್ದಾಟದಲ್ಲಿ ಹೋಗುವ ಸಂಕಟ ಇರುತ್ತದೆ, ಎಲ್ಲಿ ಸೇರಬೇಕೆಂಬ ಗೊಂದಲ ಅಷ್ಟಾಗಿ ಇರುವುದಿಲ್ಲ. ಸಿಂಗಪುರ ಬಾಗಿಲನ್ನು ಅರ್ಧ ತೆರೆದು ಇಡುತ್ತದೆ. ಸಂಕಟ ಹೆಚ್ಚು ಕಾಲ ಉಳಿಯುವುದು ಅರ್ಧ ತೆರೆದ ಬಾಗಿಲಿನ ಮುಂದೆಯೇ.

ಭಾಷೆಯ ವಿಷಯದಲ್ಲಿ ಈ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿಲ್ಲ. ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳಿಗೆ ಸಿಂಗಪುರದಲ್ಲಿ ಅಧಿಕೃತ ಸ್ಥಾನವಿದೆ. ಹಲಸೂರಿನ ತಮಿಳು ಮನೆಯಿಂದ ಹೋದ ಕುಟುಂಬ ತನ್ನ ಮನೆಮಾತನ್ನು ಅಲ್ಲಿನ ಮೆಟ್ರೊ ನಿಲ್ದಾಣದ ಫಲಕದಲ್ಲೂ ಮಕ್ಕಳ ಪಠ್ಯಪುಸ್ತಕದಲ್ಲೂ ಕಾಣುತ್ತದೆ. ಕನ್ನಡ ಮನೆಯವರ ಪಾಡು ಹಾಗಲ್ಲ. ಅಲ್ಲಿನ ಶಾಲೆಗಳಲ್ಲಿ ಪ್ರತಿ ಮಗುವೂ ಇಂಗ್ಲಿಷಿನ ಜೊತೆಗೆ ಒಂದು ಮಾತೃಭಾಷೆಯನ್ನು ಕಲಿಯಬೇಕು. ತಮಿಳಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳನ್ನು ಭಾರತೀಯ ಮಕ್ಕಳು ಆರಿಸಿಕೊಳ್ಳಬಹುದು, ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಶಿವಾಜಿನಗರದ ಉರ್ದು ಮನೆಯ ಮಗುವಿಗೂ ಹಲಸೂರಿನ ತಮಿಳು ಮನೆಯ ಮಗುವಿಗೂ ಇರುವ ಅನುಕೂಲ ಇಂದಿರಾನಗರದ ಕನ್ನಡ ಮನೆಯ ಮಗುವಿಗೆ ದೊರೆಯದೆ, ಅದು ಶಾಲೆಯಲ್ಲಿ ಹಿಂದಿಯನ್ನೋ ತಮಿಳನ್ನೋ ಮಾತೃಭಾಷೆಯೆಂದು ಬರೆಯುತ್ತಾ, ಕನ್ನಡವನ್ನು ಅಡುಗೆಮನೆಯಲ್ಲಿ ಮತ್ತು 1996ರಲ್ಲಿ ಆರಂಭವಾದ ಸಿಂಗಪುರ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಕೇಳುತ್ತಾ ಬೆಳೆಯುತ್ತದೆ. ಡಿಸೆಂಬರ್ ರಜೆಗೆ ಬಂದ ಮೊಮ್ಮಗು ಅಜ್ಜಿ ಹೇಳಿದ್ದನ್ನೆಲ್ಲ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವಾಗ ತಾಯಿಗೆ ಆಗುವ ನೋವು ಇಲ್ಲಿಯೇ ಉಳಿದುಬಿಡಬೇಕೆಂಬ ಆಸೆಗೆ ದೊಡ್ಡ ಕಾರಣ. ಇಲ್ಲೇ ಉಳಿದರೂ ಪೂರ್ವ ಬೆಂಗಳೂರಿನ ಶಾಲಾ ಅಂಗಳದಲ್ಲಿ ಅದೇ ಮಗು ಇಂಗ್ಲಿಷನ್ನೇ ಹೆಚ್ಚಾಗಿ ಆಡೀತು ಎಂಬುದನ್ನೂ ಮರೆಮಾಚದೆ ಹೇಳಬೇಕು.

ಊರಿಗೆ ಮರಳಿದವನ ಮನಃಸ್ಥಿತಿಯ ಬಗ್ಗೆ ಸಮಾಜವಿಜ್ಞಾನದಲ್ಲಿ ಬಹುಕಾಲದಿಂದ ಚರ್ಚೆ ನಡೆದಿದೆ. ಆಸ್ಟ್ರಿಯಾದಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಚಿಂತಕ ಆಲ್‌ಫ್ರೆಡ್ ಶುಟ್ಸ್, ಎರಡನೆಯ ಮಹಾಯುದ್ಧದ ಸೈನಿಕರು ಮನೆಗೆ ಬರುತ್ತಿದ್ದ 1945ರಲ್ಲಿ, ಮನೆಗೆ ಮರಳುವವನನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಇಪ್ಪತ್ತು ವರ್ಷಗಳ ನಂತರ ತನ್ನ ದ್ವೀಪವಾದ ಇಥಾಕಾಕ್ಕೆ ಬಂದಿಳಿದ ಗ್ರೀಕ್ ವೀರ ಒಡಿಸ್ಯೂಸ್ ಅದನ್ನು ಗುರುತಿಸಲಾರದೆ ಹೋದ ಪ್ರಸಂಗದಿಂದ ಆರಂಭವಾಗುವ ಆ ಪ್ರಬಂಧದ ಮುಖ್ಯ ವಾದ ಇದು: ಪರಕೀಯ ಊರಿಗೆ ಹೋಗುವವನು ಅಪರಿಚಿತವನ್ನು ನಿರೀಕ್ಷಿಸಿಯೇ ಹೋಗುತ್ತಾನೆ, ಮನೆಗೆ ಬರುವವನು ತಾನು ಬಿಟ್ಟುಹೋದದ್ದು ಹಾಗೆಯೇ ಇರುತ್ತದೆಂದು ನಂಬಿ ಬರುತ್ತಾನೆ, ಅವನಿಲ್ಲದ ಕಾಲದಲ್ಲಿ ಮನೆಯವರು ಅವನಿಲ್ಲದೆಯೇ ಬದುಕುವ ರೀತಿಗಳನ್ನು ರೂಢಿಸಿಕೊಂಡಿರುತ್ತಾರೆ, ಅವನೂ ಅವರಿಗೆ ಹೇಳಲಾಗದ ಅನುಭವಗಳನ್ನು ಹೊತ್ತು ತಂದಿರುತ್ತಾನೆ. ಮುಂದೆ 1963ರಲ್ಲಿ ಗುಲ್ಲಾಹಾರ್ನ್ ದಂಪತಿ ವಿದೇಶದಲ್ಲಿ ಓದಿ ಬಂದವರನ್ನು ಅಧ್ಯಯನ ಮಾಡಿ, ಹೊರಗೆ ಹೋದಾಗ ಮನಸ್ಸು ಒಮ್ಮೆ ಕುಸಿದು ಏಳುವಂತೆ ಮರಳಿ ಬಂದಾಗಲೂ ಮತ್ತೊಮ್ಮೆ ಕುಸಿದು ಏಳುತ್ತದೆ ಎಂದು ತೋರಿಸಿದರು. ಇದನ್ನು ಮರುಹೊಂದಾಣಿಕೆಯ ಆಘಾತ ಎನ್ನಬಹುದು. ನಾಲ್ಕು ವಾರದ ರಜೆಗೆ ಬಂದವನು ಈ ಇಳಿಜಾರಿನ ಆರಂಭದಲ್ಲಿಯೇ ವಿಮಾನ ಹತ್ತುತ್ತಾನೆ. ಆ ಕುಸಿತ ಮುಂದೆ ಸಮವಾಗುತ್ತಿತ್ತೇ ಇಲ್ಲವೇ ಎಂಬುದನ್ನು ತಿಳಿಯುವಷ್ಟು ಕಾಲ ಅವನಿಗೆ ಎಂದೂ ಸಿಗುವುದಿಲ್ಲ.

ಪೂರ್ವ ಬೆಂಗಳೂರಿನಲ್ಲಿ ಶುಟ್ಸ್ ಹೇಳಿದ ಬದಲಾವಣೆ ಕಣ್ಣಿಗೇ ಕಾಣುವಷ್ಟು ಸ್ಥೂಲವಾಗಿದೆ. ನಗರಾಭಿವೃದ್ಧಿ ಸಂಸ್ಥೆಗಳು ನಿವೇಶನ ಹಂಚಿದಾಗ ಇಂದಿರಾನಗರದಲ್ಲಿ ಸಾರ್ವಜನಿಕ ಉದ್ಯಮಗಳ ನೌಕರರೂ ನಿವೃತ್ತ ಸೈನ್ಯಾಧಿಕಾರಿಗಳೂ ಕಟ್ಟಿಕೊಂಡ, ಮುಂದೆ ತೆಂಗು, ಹಿಂದೆ ನುಗ್ಗೆ ಇದ್ದ ಮನೆಗಳ ಜಾಗದಲ್ಲಿ, 2007ರಲ್ಲಿ ಅಂಗೀಕೃತವಾದ ಪರಿಷ್ಕೃತ ಮಹಾಯೋಜನೆ ವಸತಿ ಬೀದಿಗಳಲ್ಲಿ ವಾಣಿಜ್ಯ ಬಳಕೆಗೆ ಅವಕಾಶ ಹೆಚ್ಚಿಸಿದ ನಂತರ, ಅಂಗಡಿಗಳೂ ಪಬ್ಬುಗಳೂ ಬಂದವು. ಹಳೆಯ ವಿಮಾನನಿಲ್ದಾಣ ಎಚ್‌ಎಎಲ್‌ನಲ್ಲಿದ್ದಾಗ ಇಂದಿರಾನಗರದವರಿಗೆ ಮಗನನ್ನು ಕಳಿಸಿಕೊಡುವುದು ನೆರೆಬೀದಿಯ ಕೆಲಸದಂತಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ಅದು ಗಂಟೆಗಟ್ಟಲೆ ಪಯಣವಾಯಿತು, ವಯಸ್ಸಾದವರು ಮನೆಯ ಗೇಟಿನ ಬಳಿಯೇ ಬೀಳ್ಕೊಡತೊಡಗಿದರು. ಬದಲಾವಣೆ ಎಲ್ಲವೂ ನಷ್ಟವಲ್ಲ. 2011ರ ಅಕ್ಟೋಬರಿನಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಹಲಸೂರು, ಇಂದಿರಾನಗರಗಳ ಮೂಲಕ ಬೈಯಪ್ಪನಹಳ್ಳಿಗೆ ಓಡಿದ ಮೆಟ್ರೊ, 2023ರ ಅಕ್ಟೋಬರ್ ವೇಳೆಗೆ ಕೃಷ್ಣರಾಜಪುರವನ್ನು ದಾಟಿ ವೈಟ್‌ಫೀಲ್ಡಿನವರೆಗೆ ಒಂದೇ ಹಾದಿಯಾಗಿ ಕೂಡಿಕೊಂಡಿತು; 1987ರಿಂದ ಮೆಟ್ರೊ ಬಳಸುತ್ತಿರುವ ದ್ವೀಪದಿಂದ ಬಂದವನಿಗೆ ಊರಿನಲ್ಲಿ ತಟ್ಟನೆ ಒಗ್ಗುವ ಸಂಗತಿ ಇದೊಂದೇ ಎಂದರೂ ತಪ್ಪಲ್ಲ. ನಿಲ್ದಾಣದಿಂದ ಮನೆಯವರೆಗಿನ ಒಡೆದ ಕಾಲುದಾರಿಯಲ್ಲಿ ಆ ಒಗ್ಗಿಕೆ ಮತ್ತೆ ಕದಡುತ್ತದೆ.

ಈ ಎಲ್ಲದರ ನಡುವೆ ಅತ್ಯಂತ ಭಾರವಾದದ್ದು ತಂದೆತಾಯಿಯ ವಿಷಯ. ಮಕ್ಕಳಿಬ್ಬರೂ ಹೊರದೇಶದಲ್ಲಿರುವ ಮನೆಯಲ್ಲಿ ವೃದ್ಧರು ಇಬ್ಬರೇ ಇರುವುದು, ಕ್ರಮೇಣ ಒಬ್ಬರೇ ಇರುವುದು ದಂಡಿನ ಕಾಕ್ಸ್‌ಟೌನ್, ಫ್ರೇಜರ್‌ಟೌನ್, ಪಕ್ಕದ ಇಂದಿರಾನಗರಗಳಲ್ಲಿ ಅಪರೂಪವಲ್ಲ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ 2002ರಲ್ಲಿ ಹಿರಿಯರ ಸಹಾಯವಾಣಿ 1090 ಆರಂಭಿಸಿದ್ದು, ಅದೇ ಟ್ರಸ್ಟು ಮರೆಗುಳಿತನದ ಕಾಯಿಲೆಗಳಿಗೆ ಒಳಗಾದವರಿಗಾಗಿ ಪೂರ್ವಭಾಗದ ಕಸ್ತೂರಿನಗರದಲ್ಲಿ ಆರೈಕೆಕೇಂದ್ರ ನಡೆಸುತ್ತಿರುವುದು ಈ ಅಗತ್ಯ ಎಷ್ಟು ಆಳವೆಂಬುದನ್ನು ಸೂಚಿಸುತ್ತದೆ. ಫೋನಿನಲ್ಲಿ ಪ್ರತಿದಿನ ಮುಖ ಕಾಣುತ್ತಿದ್ದರೂ ತಂದೆಯ ನಡಿಗೆ ನಿಧಾನವಾದದ್ದು, ತಾಯಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದು ತಿಳಿಯುವುದು ರಜೆಯ ಮೊದಲ ವಾರದಲ್ಲಿ. ಆ ವಾರದಲ್ಲಿ ಕಂಡದ್ದನ್ನು ಉಳಿದ ವಾರಗಳಲ್ಲಿ ಮಗ ಮನಸ್ಸಿನಲ್ಲೇ ಹೊತ್ತು ತಿರುಗುತ್ತಾನೆ. "ನಮ್ಮ ಚಿಂತೆ ಬಿಡಪ್ಪಾ, ನಿನ್ನ ಕೆಲಸ ನೋಡಿಕೋ" ಎಂದು ತಂದೆ ಹೇಳುವುದರಿಂದ ಅದು ಹಗುರವಾಗುವುದಿಲ್ಲ. ಅವರನ್ನೇ ದ್ವೀಪಕ್ಕೆ ಕರೆದೊಯ್ಯುವುದೂ ಸುಲಭವಲ್ಲ: ದೀರ್ಘಾವಧಿಯ ಭೇಟಿಪಾಸಿಗೆ ಮಗನ ಸಂಬಳ ನಿಗದಿತ ಮೊತ್ತವನ್ನು ಮೀರಿರಬೇಕು, ಪಾಸು ಸಿಕ್ಕರೂ ಹಲಸೂರಿನ ಸೋಮೇಶ್ವರನ ಗುಡಿ, ಎದುರುಮನೆಯ ಮಾತುಕತೆ, ಪರಿಚಿತ ವೈದ್ಯರು ಇವಾವುವೂ ಬಹುಮಹಡಿಯ ಫ್ಲ್ಯಾಟಿಗೆ ಜೊತೆಯಾಗಿ ಬರುವುದಿಲ್ಲ.

ಈ ಸಂಕಟವನ್ನು ಮುಂದೂಡುವ ಒಂದು ರೂಢಿಯೂ ಬೆಳೆದಿದೆ. ಬ್ರಿಟನ್ನಿನ ಪಾಕಿಸ್ತಾನಿ ವಲಸಿಗರನ್ನು ಅಧ್ಯಯನ ಮಾಡಿದ ಮುಹಮ್ಮದ್ ಅನ್ವರ್ 1979ರ ತಮ್ಮ ಗ್ರಂಥದಲ್ಲಿ, ಒಂದು ದಿನ ಮರಳುತ್ತೇವೆಂಬ ನಂಬಿಕೆಯನ್ನು ವಲಸಿಗರು ಬಿಡದೆ ಹಿಡಿದಿರುತ್ತಾರೆ, ಮರಳುವುದು ವರ್ಷದಿಂದ ವರ್ಷಕ್ಕೆ ದೂರವಾದರೂ ಆ ನಂಬಿಕೆಯೇ ಊರಿನ ನಂಟನ್ನು ಜೀವಂತವಾಗಿಡುತ್ತದೆ ಎಂದು ತೋರಿಸಿದರು. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೆ ಎದ್ದಿರುವ ವಸತಿಸಮುಚ್ಚಯಗಳಲ್ಲಿ ಹೊರದೇಶದವರು ಕೊಂಡು ಬೀಗ ಹಾಕಿಟ್ಟಿರುವ ಫ್ಲ್ಯಾಟುಗಳು ಆ ನಂಬಿಕೆಯ ಕಾಂಕ್ರೀಟಿನ ರೂಪ. ಅವು ಉಳಿತಾಯವೂ ಹೌದು, "ಬಂದೇ ಬರುತ್ತೇವೆ" ಎಂದು ಹಿರಿಯರಿಗೆ ಕೊಟ್ಟ ಮಾತಿನ ಒತ್ತೆಯೂ ಹೌದು. ಆದರೆ ಅಂತಹ ಮನೆ ತಿಂಗಳ ನಿರ್ವಹಣಾ ಶುಲ್ಕವನ್ನು ಕೇಳುತ್ತದೆ, ಆಗಾಗ ರಿಪೇರಿ ಬೇಡುತ್ತದೆ, ಅದರ ಕೀಲಿಕೈ ಬಹುಪಾಲು ಎಪ್ಪತ್ತು ದಾಟಿದ ತಂದೆಯ ಬಳಿಯೇ ಇರುತ್ತದೆ. ಮಗ ಮರಳುವ ಭರವಸೆಯ ಕಾವಲು ಕೆಲಸವೂ ಅವರ ಪಾಲಿಗೇ ಬಂದಂತಾಗುತ್ತದೆ.

ಹೋಗುವುದು ಬರುವುದು ತನ್ನ ಇಚ್ಛೆಯದು ಎಂಬ ಭಾವನೆಗೆ 2021ರ ಏಪ್ರಿಲಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಕೋವಿಡ್‌ನ ಎರಡನೆಯ ಅಲೆ ಬೆಂಗಳೂರನ್ನು ಆವರಿಸುತ್ತಿದ್ದಾಗ, ಏಪ್ರಿಲ್ 23ರ ಮಧ್ಯರಾತ್ರಿಯಿಂದ ಭಾರತದಿಂದ ಬರುವ ಪಾಸುದಾರರಿಗೆ ಸಿಂಗಪುರ ಬಾಗಿಲು ಮುಚ್ಚಿತು. ಪೌರರಿಗೂ ಕಾಯಂ ನಿವಾಸಿಗಳಿಗೂ ಪ್ರವೇಶವಿತ್ತು, ಕೆಲಸದ ಪಾಸಿನವರಿಗೆ ಇರಲಿಲ್ಲ. ಕಾಯಿಲೆಬಿದ್ದ ತಂದೆತಾಯಿಯನ್ನು ನೋಡಲು ಬಂದವರು ಅಕ್ಟೋಬರ್ ಕೊನೆಯವರೆಗೆ ಬಹುಮಟ್ಟಿಗೆ ಇಲ್ಲಿಯೇ ಉಳಿಯಬೇಕಾಯಿತು, ಅಲ್ಲಿದ್ದವರು ಹಿಂದಿರುಗಲಾಗದೆಂಬ ಭಯದಿಂದ ಅಂತ್ಯಕ್ರಿಯೆಗೂ ಬರಲಾರದೆ ಹೋದರು. ದ್ವೀಪದಲ್ಲಿನ ತಮ್ಮ ಸ್ಥಾನವೇನೆಂಬುದನ್ನು ಆ ಆರು ತಿಂಗಳು ಪ್ರತಿ ಕುಟುಂಬಕ್ಕೂ ಸ್ಪಷ್ಟಪಡಿಸಿದವು. ಅನೇಕರು ಕಾಯಂ ನಿವಾಸಕ್ಕೆ ಅರ್ಜಿ ಹಾಕಲು ಮನಸ್ಸು ಮಾಡಿದ್ದಕ್ಕೂ, ಇನ್ನು ಸಾಕೆಂದು ಊರಿಗೆ ಹೊರಟದ್ದಕ್ಕೂ ಕಾರಣ ಒಂದೇ ಆಗಿತ್ತು.

ಗಂಡುಮಕ್ಕಳಿರುವ ಮನೆಗಳಲ್ಲಿ ಗಡುವು ಇನ್ನೂ ಬಿಗಿ. ತಂದೆತಾಯಿಯ ಮೂಲಕ ಕಾಯಂ ನಿವಾಸ ಪಡೆದ ಹುಡುಗ ಹದಿನಾರೂವರೆ ವರ್ಷಕ್ಕೆ ರಾಷ್ಟ್ರೀಯ ಸೇವೆಗೆ ಹೆಸರು ನೋಂದಾಯಿಸಿ, ಹದಿನೆಂಟರ ಸುಮಾರಿಗೆ ಎರಡು ವರ್ಷ ಸೈನ್ಯದಲ್ಲೋ ಪೊಲೀಸ್ ಅಥವಾ ನಾಗರಿಕ ರಕ್ಷಣಾ ಪಡೆಯಲ್ಲೋ ಕೆಲಸ ಮಾಡಬೇಕು. ಹದಿಮೂರು ದಾಟಿದ ಮೇಲೆ ಮೂರು ತಿಂಗಳು ಅಥವಾ ಹೆಚ್ಚು ಕಾಲ ಹೊರಗಿರಲೂ ಅವನಿಗೆ ಅನುಮತಿ ಬೇಕು. ಸೇವೆ ಮಾಡದೆ ಹಕ್ಕನ್ನು ಬಿಟ್ಟರೆ ಮುಂದೆ ಅಲ್ಲಿ ಓದಲು, ದುಡಿಯಲು ಹಾಕುವ ಅರ್ಜಿಗೆ ಅದು ಅಡ್ಡಿಯಾಗಬಹುದು. ಸೇವೆ ಮುಗಿಸಿ ಅಲ್ಲಿನ ಪೌರನಾದರೆ, 1955ರ ಪೌರತ್ವ ಕಾಯ್ದೆಯಂತೆ ಭಾರತದ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ, ಏಕೆಂದರೆ ಎರಡೂ ದೇಶಗಳು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. 2006ರಿಂದ ದೊರೆಯುತ್ತಿರುವ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಬಂದುಹೋಗುವ, ನೆಲೆಸುವ ಸೌಲಭ್ಯ ಕೊಡುತ್ತದೆ. ಮತದಾನದ ಹಕ್ಕನ್ನು ಕೊಡುವುದಿಲ್ಲ. ಹೀಗೆ ತಂದೆಯ ಹೊಯ್ದಾಟಕ್ಕೆ ಮಗನ ಹುಟ್ಟಿದ ದಿನಾಂಕವೇ ತೀರ್ಪು ಬರೆಯುವ ಸ್ಥಿತಿ ಬರುತ್ತದೆ, ಆ ಮಗನನ್ನು ಕೇಳಿದರೆ ಅವನಿಗೆ ಮನೆ ಎಂದರೆ ದ್ವೀಪವೇ ಆಗಿರುತ್ತದೆ.

ಉಳಿಯುವ ನಿರ್ಧಾರ ಕೊನೆಗೂ ಗಟ್ಟಿಯಾದರೆ ಅದನ್ನು ನೆರವೇರಿಸಲು ಮೊದಲು ದ್ವೀಪಕ್ಕೆ ಮರಳಲೇಬೇಕಾಗುತ್ತದೆ. ಕೆಲಸ ಬಿಡುವ ವಿದೇಶಿಯ ತೆರಿಗೆ ಲೆಕ್ಕ ಇತ್ಯರ್ಥವಾಗುವವರೆಗೆ ಅವನಿಗೆ ಸಲ್ಲಬೇಕಾದ ಹಣವನ್ನು ಮಾಲೀಕರು ತಡೆಹಿಡಿಯಬೇಕೆಂಬ ನಿಯಮ ಅಲ್ಲಿದೆ. ಪಾಸುಗಳ ರದ್ದತಿ, ಭವಿಷ್ಯನಿಧಿಯ ಅರ್ಜಿ, ಬಾಡಿಗೆಮನೆಯ ಕರಾರು ಮುಗಿಯಬೇಕು. ಅಲ್ಲಿ ಶಾಲೆಯ ವರ್ಷ ಜನವರಿಯಲ್ಲಿ ಶುರುವಾಗಿ ನವೆಂಬರಿನಲ್ಲಿ ಮುಗಿಯುವುದರಿಂದ, ಜೂನ್ ಸುಮಾರಿಗೆ ತರಗತಿ ಆರಂಭಿಸುವ ಬೆಂಗಳೂರಿನ ಶಾಲೆಗೆ ಮಗುವನ್ನು ಸೇರಿಸುವಾಗ ಅರ್ಧ ವರ್ಷ ಹಿಂದೆಯೋ ಮುಂದೆಯೋ ಹೊಂದಿಸಬೇಕು. ಮನೆಸಾಮಾನು ಹಡಗಿನಲ್ಲಿ ಚೆನ್ನೈ ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ವೈಟ್‌ಫೀಲ್ಡಿನ ಕಂಟೇನರ್ ಡಿಪೋವನ್ನು ತಲಪಿ, ಕಸ್ಟಮ್ಸ್ ತಪಾಸಣೆ ಮುಗಿದ ಮೇಲೆ ಕೃಷ್ಣರಾಜಪುರದ ಫ್ಲ್ಯಾಟಿನ ಬೀಗ ತೆಗೆಯುವ ಹೊತ್ತಿಗೆ ಕೆಲವು ವಾರಗಳೇ ಕಳೆದಿರುತ್ತವೆ. ಅಲ್ಲಿಯವರೆಗೆ ಕುಟುಂಬ ಹಲಸೂರಿನ ಹಳೆಯ ಮನೆಯಲ್ಲಿ, ರಜೆಗೆ ಬಂದಾಗ ಬಿಡಿಸಿಟ್ಟ ಅದೇ ಸೂಟ್‌ಕೇಸುಗಳೊಂದಿಗೆ ಇರುತ್ತದೆ.